ನೈವೇದ್ಯದ ಹೊತ್ತಿಗೆ ಕ್ಯಾಮರಾ ಮುಚ್ಚಿ

ದಿಲ್ಲಿಯ ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ಈಗೀಗ ಮನುಷ್ಯರಿಗಿಂತ ಮಷೀನುಗಳೇ ಹೆಚ್ಚು ಮಾತಾಡುತ್ತವೆ. ಹಾಗಾಗಿ ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ನಾನಂತೂ ಬಾಯಿ ಬಿಟ್ಟುಕೊಂಡು ನೋಡುತ್ತಿರುತ್ತೇನೆ.

ಗೇಟಿನಲ್ಲಿ ಗಂಡ

ನಮ್ಮೆಜಮಾನರು ಸೆಂಟ್ರಲ್ ಗವರ್ಮೆಂಟಿನಿಂದ ರಿಟೈರಾದವರು. ಈಚೆಗೆ ಶುಗರ್ ಏರಿ ತಲೆಸುತ್ತಿ ಬಿದ್ದಿದ್ದರು. ಆಗಿನಿಂದ ಸಿಹಿ ಬಂದ್.

ಒಂದು ಸಂಜೆ ಮೊಬೈಲ್ ಮರೆತು ವಾಕಿಂಗ್ ಹೋದರು. ವಾಪಸ್ಸು ಬಂದರೆ ಗೇಟಿನಲ್ಲಿ ಹೊಸ ಗಾರ್ಡು! ಇವರ ಫೋಟೊ ತೆಗೆದ. ನನ್ನ ಮೊಬೈಲು ಟಿಂಗ್ ಅಂತು: 'ಇವರನ್ನು ಒಳಗೆ ಬಿಡಬಹುದೇ?'

ಅಬ್ಬಬ್ಬಾ! ಈ ಮನೆಯಲ್ಲಿ ಇಷ್ಟು ದೊಡ್ಡ ಅಧಿಕಾರ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಸ್ವಲ್ಪ ಕಾಯಿಸಿಯೇ ಬಟನ್ ಒತ್ತಿದೆ.

ಆದರೆ ಆ ಫೋಟೊ ಹೌಜ್ ಖಾಸ್‌ನಲ್ಲಿರುವ ಮಗಳ ಮೊಬೈಲಿಗೂ ಹೋಗುತ್ತದೆ. ಇವರ ಕೈಯಲ್ಲಿದ್ದ ಜಿಲೇಬಿ ಪೊಟ್ಟಣ ನನಗಿಂತ ಮೊದಲು ಕಂಡದ್ದು ಅವಳಿಗೆ.

ಮಾತಾಡುವ ಗೋಡೆ

ಮಗಳು ಹೆದರಿಹೋದಳು, ಪಾಪ. ಭಾನುವಾರ ಬಂದು ಅಪ್ಪನ ತೋಳಿಗೆ ಡಾಕ್ಟರು ಹೇಳಿದ ಪುಟ್ಟ ಬಿಲ್ಲೆಯೊಂದನ್ನು ಅಂಟಿಸಿದಳು. ಹಾಲ್‌ನಲ್ಲಿ ಫ್ರಿಜ್ಜು, ದೇವರ ಗೂಡು ಎರಡೂ ಕಾಣುವ ಹಾಗೆ ಕ್ಯಾಮರಾ ಹಾಕಿಸಿದಳು. ಬಿಲ್ಲೆಯನ್ನು ಇವರು ಔಷಧಿ ಪಟ್ಟಿ ಅಂದುಕೊಂಡರು. ಭಯವೆಲ್ಲ ಕ್ಯಾಮರಾದ್ದೇ.

ಮರುದಿನ ಮೆಲ್ಲಗೆ ಫ್ರಿಜ್ಜು ತೆಗೆದರೋ ಇಲ್ಲವೋ, ಗೋಡೆಯಿಂದ ಮಗಳ ದನಿ: "ಅಪ್ಪಾ, ಫ್ರಿಜ್ ಬಂದ್ ಮಾಡಿ, ಪ್ಲೀಸ್."

ಇವರು ಬೆಚ್ಚಿ, ನೆಟ್ಟಗೆ ನಿಂತು, "ಯೆಸ್ ಸರ್!" ಅಂದುಬಿಟ್ಟರು.

ದೇವರ ಊಟ

ಹಬ್ಬಕ್ಕೆ ದೇವರಿಗೆಂದು ಶಾವಿಗೆ ಪಾಯಸ ಮಾಡಿದೆ. ನೈವೇದ್ಯದ ಹೊತ್ತಿಗೆ ಯಾರೂ ನೋಡಬಾರದು, ಪರದೆ ಎಳೆಯುವುದು ನಮ್ಮ ಪದ್ಧತಿ. ಇವರಿಗೆ ಥಟ್ಟನೆ ಹೊಳೆಯಿತು.

"ಅಲ್ಲ ಕಣೇ, ದೇವರು ಊಟ ಮಾಡುವಾಗ ಕ್ಯಾಮರಾ ನೋಡಬಹುದೇನೇ?" ಎಂದು ಸ್ಟೂಲು ಹತ್ತಿ ತಾವೇ ಅದಕ್ಕೆ ಮಡಿಪಂಚೆ ಹೊದಿಸಿದರು. ಇವರಲ್ಲಿ ಇಷ್ಟು ಭಕ್ತಿ ಇತ್ತೇ ಎಂದು ನಾನು ಬೆರಗಾಗಿ ಪಕ್ಕದ ಕೋಣೆಯಲ್ಲಿ ಕೈಮುಗಿದು ನಿಂತೆ. ದೇವರು ಬಹಳ ಹೊತ್ತು ಉಂಡ. ಚಮಚದ ಸದ್ದು ನನಗೇ ಕೇಳಿಸಿತು.

ಪಂಚೆ ತೆಗೆದು, ಬಾಯಿ ಒರೆಸಿಕೊಂಡು ಇವರು ಜಪಕ್ಕೆ ಕೂತರು. ಅರ್ಧ ಗಂಟೆ ಕಳೆದಿರಬೇಕು, ಗೋಡೆ ಕೇಳಿತು: "ಅಪ್ಪಾ, ಆ ಬಟ್ಟಲು ಪಾಯಸ ಯಾರು ತಿಂದದ್ದು?"

"ದೇವರಮ್ಮಾ! ಇನ್ಯಾರು?"

"ಅಚ್ಛಾ. ನಿಮ್ಮ ತೋಳಿನ ಬಿಲ್ಲೆ ನನ್ನ ಮೊಬೈಲಿಗೆ ಎಲ್ಲಾ ಹೇಳತ್ತೆ, ಅಪ್ಪಾ. ದೇವರು ತಿಂದ್ರೆ ನಿಮ್ಮ ಶುಗರ್ ಯಾಕೆ ಏರ್ತಿದೆ?"