ನಲವತ್ತು ಹಾಡುಗಳ ಕ್ರಯ

ಹಲ್ಲುಜ್ಜುತ್ತಿದ್ದಾಗ ಬಂದ ಆ ಫೋನನ್ನು ಎತ್ತದೇ ಇದ್ದಿದ್ದರೆ ಮಧುಗಿರಿಯಲ್ಲಿ ಕಾಡಸಿದ್ದಪ್ಪನ ದಿನ ಎಂದಿನಂತೆ ಕಳೆಯುತ್ತಿತ್ತು. ಎತ್ತಿದ. ಬೆಂಗಳೂರಿನ ಹಾಡಿನ ಕಂಪನಿಯೊಂದರ ನವೀನ್ ಕುಮಾರ್ ಮಾತಾಡಿದ. ಕಾಡಸಿದ್ದಪ್ಪ ಮತ್ತು ನಂದೀಶ್ವರಯ್ಯ ಸೇರಿ ಹಿಂದೆ ಕ್ಯಾಸೆಟ್ಟಿಗೆ ಕಟ್ಟಿದ್ದ ನಲವತ್ತೂ ಹಾಡುಗಳನ್ನು ಕಂಪನಿ ಒಟ್ಟಿಗೆ ಕೊಳ್ಳುತ್ತದಂತೆ. ಅದರಲ್ಲಿ ‘ಕಡ್ಲೇಕಾಯಿ ಸುಲಿಯೋಳೆ’ ಹಾಡಿಗೆ ಈಗ ಮೊಬೈಲಿನಲ್ಲಿ ಊರೂರೇ ಕುಣಿಯುತ್ತಿದೆಯಂತೆ. ಇಬ್ಬರೂ ಸಹಿ ಹಾಕಬೇಕು, ಇವತ್ತೇ ಸಂಜೆ ಶಿರಾಕ್ಕೆ ಬರುತ್ತೇನೆ ಎಂದ.

ಬಾಯಿ ಮುಕ್ಕಳಿಸುವಷ್ಟರಲ್ಲಿ ಸುದ್ದಿ ಪಕ್ಕದ ಜೆರಾಕ್ಸ್ ಅಂಗಡಿಯ ರಂಗೇಶನಿಗೆ ಮುಟ್ಟಿತ್ತು.

“ಅಮೆರಿಕಾ, ಇಂಗ್ಲೆಂಡಲ್ಲಿ ಗಿಟಾರ್ ಬಾರ್ಸೋ ಮುದುಕ್ರೆಲ್ಲ ಇಂಗೇ ಕಣಣ್ಣ. ಜೀವಮಾನದ ಹಾಡ್ನೆಲ್ಲ ಗುಡ್ಡೆ ಹಾಕಿ ಮಾರ್ಬುಟ್ಟು ಬಂಗ್ಲೇಲಿ ಕುಂತವ್ರೆ. ಒಬ್ರ ಮಖ ಒಬ್ರು ನೋಡ್ದೇ ಇರೋರೂ ಸೈನ್ ಹಾಕಕ್ಕೆ ಮಾತ್ರ ಒಟ್ಟಿಗೆ ಬತ್ತಾರೆ!”

“ಮೂವತ್ತು ವರ್ಸ ಹಾಡಿ ಒಂದು ಸೇರು ರಾಗಿ ತರ್ಲಿಲ್ಲ. ಈಗ ಅದ್ನ ಕೊಂಡ್ಕಳೋರು ಬೇರೆ ಬತ್ತಾರಂತೆ,” ಎಂದು ಹೆಂಡತಿ ಅಶ್ವತ್ಥಮ್ಮ ಒಳಗಿನಿಂದಲೇ ಅಂದಳು.

ಪಶು ಆಸ್ಪತ್ರೆಯ ಅಟೆಂಡರ್ ಆಗಿ ನಿವೃತ್ತನಾಗಿದ್ದ ಕಾಡಸಿದ್ದಪ್ಪನಿಗೆ ಬಂಗಲೆಯ ಆಸೆ ಇರಲಿಲ್ಲ. ತನ್ನ ಹಾಡಿಗೂ ಒಂದು ಬೆಲೆ ಇದೆ ಎಂದು ಒಂದೇ ಒಂದು ಸಲ ಈ ಹೆಂಗಸಿನ ಎದುರು ಸಾಬೀತಾದರೆ ಸಾಕಿತ್ತು.

ತೊಡಕಿದ್ದದ್ದು ಶಿರಾದ ನಂದೀಶ್ವರಯ್ಯನದು. ಪದ ಇವನದು, ಧಾಟಿ ಅವನದು. ಕ್ಯಾಸೆಟ್ಟಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂದು ಹುಟ್ಟಿದ ಜಗಳಕ್ಕೆ ಈಗ ಇಪ್ಪತ್ತೈದು ವರ್ಷ. “ನನ್ನ ಪದ ಇದ್ರೆ ಕಾಗೆ ಕೂಗಿದ್ರೂ ಹಾಡೇಯ” ಎಂದು ಇವನು ಮಧುಗಿರಿಯಲ್ಲಿ ಹೇಳಿಕೊಂಡು ತಿರುಗಿದರೆ, “ನನ್ನ ಧಾಟೀಲಿ ರೇಷನ್ ಕಾರ್ಡ್ ಓದಿದ್ರೂ ಜನ ಕುಣೀತಾರೆ” ಎಂದು ಅವನು ಶಿರಾದಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಸಹಿ ಬೇಕಾದರೆ ರಾಜಿಯಾಗಲೇಬೇಕು ಎಂದು ಕಾಡಸಿದ್ದಪ್ಪ ಶಿರಾದ ಬಸ್ಸು ಹಿಡಿದ. ರಂಗೇಶ ಅಂಗಡಿ ಬಾಗಿಲು ಎಳೆದು ತಾನೂ ಹತ್ತಿದ. ಅವನ ಬಾಯಿಂದ ವಿಷಯ ಇಡೀ ಬಸ್ಸಿಗೆ ಗೊತ್ತಾಯಿತು. ಐ.ಡಿ.ಹಳ್ಳಿಯ ಮುದುಕಿಯೊಬ್ಬಳು ಹಿಂದಿನ ಸೀಟಿನಿಂದ ಬಗ್ಗಿ, “ಮೊದ್ಲು ಬಗ್ಗಿದೋನೇ ದೊಡ್ಡೋನು ಕಣಪ್ಪ. ಎಲ್ಲಾ ನಿಂದೇ ಅಂತ ಅಂದ್ಬುಡು, ಕರಗ್ತಾನೆ,” ಎಂದಳು. ಕಂಡಕ್ಟರನೂ ತಲೆಯಾಡಿಸಿದ.

ಜಗಲಿಯ ಮೇಲೆ ಕೂತಿದ್ದ ನಂದೀಶ್ವರಯ್ಯ ಇವರನ್ನು ಕಂಡದ್ದೇ ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡ. ಬೀದಿಯವರು ಸೇರಿದರು. ರಂಗೇಶ ಮೊಬೈಲ್ ಎತ್ತಿ ಹಿಡಿದು, ಊರಿಗೆಲ್ಲ ಕಾಣುವಂತೆ ಲೈವ್ ಶುರು ಮಾಡಿದ.

ಕಾಡಸಿದ್ದಪ್ಪ ಬೇವಿನ ಕಷಾಯ ಕುಡಿದವನಂತೆ ಮುಖ ಮಾಡಿಕೊಂಡು, “ನಂದೀ, ಆ ಹಾಡ್ನಾಗೆ ನಂದೇನೂ ಇಲ್ಲ ಕಣಯ್ಯ. ನಲವತ್ತೂ ನಿಂದೇಯ. ನಾನು ಬರೇ ಪೆನ್ನು ಹಿಡ್ಕಂಡಿದ್ದೆ,” ಎಂದ.

ಕುರ್ಚಿ ಮೆಲ್ಲಗೆ ಇತ್ತ ತಿರುಗಿತು. ನಂದೀಶ್ವರಯ್ಯನ ಕಣ್ಣಲ್ಲಿ ನೀರು. ಹೊಗಳಿಕೆಯನ್ನು ಸುಮ್ಮನೆ ಒಪ್ಪಿಕೊಳ್ಳುವುದು ನಮ್ಮ ಕಡೆ ಮರ್ಯಾದಸ್ಥರ ಲಕ್ಷಣವಲ್ಲ.

“ಏನಂತ ಮಾತಾಡ್ತೀಯೋ ಸಿದ್ದ! ನಂದೇನೈತೆ? ಎಲ್ಲಾ ನಿಂದೇ. ನಾನು ಬರೇ ಹಾರ್ಮೋನಿ ಒತ್ತಿದ್ದು.”

“ಇಲ್ಲ, ನಿಂದು.”

“ದೇವ್ರಾಣೆ ನಿಂದು!”

ಹೋಟೆಲ್ ಬಿಲ್ಲಿಗೆ ಕಿತ್ತಾಡುವ ಬೀಗರ ಹಾಗೆ ಇಬ್ಬರೂ ಬಿಡಲೊಲ್ಲರು. ಕೊನೆಗೆ ರಂಗೇಶನೇ ಪಂಚಾಯ್ತಿ ಮಾಡಿದ. “ಯಾರ್ದೂ ಅಲ್ಲ ಬುಡ್ರಣ್ಣ. ನಮ್ ಸೀಮೆ ಜನದ್ದು ಅಂತ ಅನ್ರಿ!”

“ಹೂಂ, ಜನದ್ದೇಯ,” ಎಂದು ಇಬ್ಬರೂ ಒಂದೇ ದನಿಯಲ್ಲಿ ಅಂದು ತಬ್ಬಿಕೊಂಡರು. ಚಪ್ಪಾಳೆ ಬಿತ್ತು. ಮಧ್ಯಾಹ್ನ ಒಂದೇ ಸಾಲಿನಲ್ಲಿ ಕೂತು ಮುದ್ದೆ ಉಂಡರು. ಕಾಡಸಿದ್ದಪ್ಪನಿಗೆ ನಿಜಕ್ಕೂ ಎದೆ ಹಗುರಾಗಿತ್ತು.

ನಾಲ್ಕು ಗಂಟೆಗೆ ನವೀನ್ ಕುಮಾರ್ ಬಂದ. ಬಂದವನೇ ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ. ಬ್ಯಾಗು ಮಾತ್ರ ತೆರೆಯಲಿಲ್ಲ.

“ಲೈವ್ ನೋಡ್ದೆ ಸಾರ್. ನಮ್ಮ ವಕೀಲರೂ ನೋಡಿದ್ರು. ಎಂಥ ದೊಡ್ಡ ಮನಸ್ಸು ನಿಮ್ದು! ಇಬ್ರೂ ನಮ್ದಲ್ಲ, ಜನದ್ದು ಅಂದ್ಮೇಲೆ ಅದು ಜಾನಪದ. ಜಾನಪದನ ಯಾರ ಹತ್ರ ಅಂತ ಕೊಳ್ಳೋದು?”

“ಅದು ಮರ್ಯಾದೆಗೆ ಅಂದಿದ್ದು ಕಣ್ರೀ! ಪದ ನಂದು!” ಎಂದು ಕಾಡಸಿದ್ದಪ್ಪ ಕೂಗಿದ.

“ಧಾಟಿ ನಂದು!” ನಂದೀಶ್ವರಯ್ಯ ಎದ್ದೇ ನಿಂತ.

“ಮೂರು ಸಾವಿರ ಜನ ನೋಡಿಬಿಟ್ಟಿದ್ದಾರೆ ಸಾರ್. ಬೇಜಾರ್ ಮಾಡ್ಕೋಬೇಡಿ. ಹೊಸದಾಗಿ ರೆಕಾರ್ಡ್ ಮಾಡೋಕೆ ಈ ಕಡೆ ಹಾಡೋರು ಬೇಕು. ದಿನಕ್ಕಿಷ್ಟು ಅಂತ ಕೊಡ್ತೀವಿ. ‘ಕಡ್ಲೇಕಾಯಿ’ ಒಂದ್ಸಲ ಹಾಡಿ, ನೋಡೋಣ.”

ಬರಿಗೈಯಲ್ಲಿ ಅಶ್ವತ್ಥಮ್ಮನ ಎದುರು ನಿಲ್ಲುವುದಕ್ಕಿಂತ ಅಷ್ಟಾದರೂ ಆಗಲಿ ಎಂದುಕೊಂಡ ಕಾಡಸಿದ್ದಪ್ಪ. ನಂದೀಶ್ವರಯ್ಯ ಹಾರ್ಮೋನಿಯಂ ಎಳೆದುಕೊಂಡ. ಆಸ್ಪತ್ರೆಯ ಔಷಧಿ ಚೀಟಿಯ ಹಿಂದೆ ಅಂದು ಬರೆದ ಹಾಗೆಯೇ, ಒಂದಕ್ಷರ ಬಿಡದೆ, ಕಣ್ಣು ಮುಚ್ಚಿ ಕಾಡಸಿದ್ದಪ್ಪ ಹಾಡಿದ.

ನವೀನ್ ಕುಮಾರ್ ಒಂದು ಕಿವಿಗೆ ಮೊಬೈಲಿನಲ್ಲಿ ಈಗ ಯಾರೋ ಹುಡುಗರು ಹಾಡಿ ಓಡುತ್ತಿದ್ದ ಅದೇ ಹಾಡು ಹಚ್ಚಿಕೊಂಡು, ಇನ್ನೊಂದು ಕಿವಿಯಲ್ಲಿ ಇದನ್ನು ಕೇಳುತ್ತಿದ್ದ. ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದ.

“ಹಾರ್ಮೋನಿಯಂ ಪರವಾಗಿಲ್ಲ, ಅವರು ಬರಲಿ. ನೀವು ಎರಡನೇ ಸಾಲೇ ತಪ್ಪು ಹಾಡ್ತಿದ್ದೀರ ಸಾರ್. ನಿಮ್ಮೂರಲ್ಲಿ ಈ ಹಾಡು ಗೊತ್ತಿರೋ ಹಿರಿಯರು ಯಾರಾದ್ರೂ ಇದ್ರೆ, ಅವರ ಹತ್ರ ಸರಿಯಾಗಿ ಕಲ್ತುಕೊಂಡು ಬನ್ನಿ.”