ಹಚ್ಚದ ಒಲೆಯ ಹೊಗೆ

ನಮ್ಮ ಸೋದರಮಾವ ತಿಳವಳ್ಳಿಯಲ್ಲಿ ಹುಟ್ಟದೆ ಬೇರೆಲ್ಲಾದರೂ ಹುಟ್ಟಿದ್ದರೆ ಇಷ್ಟೊತ್ತಿಗೆ ಜಗತ್ಪ್ರಸಿದ್ಧ ವಿಜ್ಞಾನಿಯಾಗಿರುತ್ತಿದ್ದ! ಇದು ನನ್ನ ಮಾತಲ್ಲ. ಅವನೇ ದಿನಾ ಚಹಾದಂಗಡಿಯಲ್ಲಿ ಹೇಳುವುದು.

ಅವನ ಮೊದಲ ಆವಿಷ್ಕಾರ ಸೈಕಲ್ ಗಿರಣಿ. ಕರೆಂಟು ಉಳಿಸಬೇಕಲ್ಲ! ಮನೆಗೆ ಬಂದ ಬೀಗರು ಮೊದಲು ಪೆಡಲ್ ತುಳಿದು ಹಿಟ್ಟು ಬೀಸಬೇಕು, ಆಮೇಲೆ ರೊಟ್ಟಿ. ಹಿರೇಕೆರೂರಿನ ಬೀಗರೊಬ್ಬರು ಬೆವರೊರೆಸಿಕೊಂಡು ಎದ್ದವರು ಚಪ್ಪಲಿ ಮೆಟ್ಟಿ ಹೋದರೇ ಹೊರತು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬೀಗರ ಖರ್ಚು ಉಳಿಯಿತಲ್ಲ, ಆ ಯಂತ್ರದಿಂದ ಆದ ಲಾಭ ಅದೊಂದೇ ಎಂದು ಅತ್ತೆ ಇವತ್ತಿಗೂ ಹೇಳುತ್ತಾಳೆ.

ಎರಡನೆಯದೇ ಹೊಗೆಯಿಲ್ಲದ ಒಲೆ. ಕಾಳು ಬಿಡಿಸಿದ ಮೇಲೆ ಉಳಿಯುವ ಗೋವಿನಜೋಳದ ದಿಂಡೇ ಅದಕ್ಕೆ ಉರುವಲು. ಎಣ್ಣೆ ಡ್ರಮ್ಮು ಕೊಯ್ದು, ಒಳಗೊಂದು ಪುಟ್ಟ ಫ್ಯಾನು ಕೂಡಿಸಿ, ವರ್ಷಗಟ್ಟಲೆ ಬಡಿದ. ಅತ್ತೆ ಅದನ್ನು ಮುಟ್ಟಿದ್ದರೆ ಕೇಳಿ! "ಆ ಡಬ್ಬಿ ಮ್ಯಾಲೆ ನಾ ರೊಟ್ಟಿ ಬಡಿಯಂಗಿಲ್ಲ" ಎಂದು ತನ್ನ ಹಳೆಯ ಮಣ್ಣಿನ ಒಲೆಗೇ ಅಂಟಿಕೊಂಡಳು.

ಅಷ್ಟರಲ್ಲಿ ಪರಿಸರ ಉಳಿಸುವ ಯಂತ್ರ ಮಾಡುವ ಸಣ್ಣ ಉದ್ಯಮಗಳಿಗೆ ಸರ್ಕಾರ ಅನುದಾನ ಕೊಡುತ್ತದೆಂಬ ಸುದ್ದಿ ಬಂತು. ಮಾವ ಇಸ್ತ್ರಿ ಅಂಗಿ ತೊಟ್ಟು ಸಂದರ್ಶನಕ್ಕೆ ಹೊರಟ. ಜೊತೆಗೆ ನಾನು.

"ನಿಮ್ಮ ಟೀಮಿನ್ಯಾಗ ಯಾರ್‍ಯಾರು ಅದಾರ್ರಿ?" ಎಂದರು ಸಾಹೇಬರು.

"ನಾನು, ಮತ್ತ ನನ್ನ ಮಾತು ಕೇಳದ ನನ್ನ ಹೇಣ್ತಿ."

"ಮಾರ್ಕೆಟ್ಟಿನ್ಯಾಗ ಸ್ಪರ್ಧಿ ಯಾರು?"

"ಆಕೀನ ರೀ!"

ನಗಿಸಿದ್ದಕ್ಕೋ ಏನೋ, ಮುಂದಿನ ಹಂತಕ್ಕೆ ಆರಿಸಿದರು. ಅಧಿಕಾರಿಗಳೇ ಮನೆಗೆ ಬಂದು ಹೊಗೆ ಅಳೆಯುತ್ತಾರಂತೆ. ಪಾಸಾದರೆ ಅನುದಾನ, ಬಂಕಾಪುರದ ಹೆದ್ದಾರಿ ಪಕ್ಕ ಶೆಡ್ಡು! ಚಹಾದಂಗಡಿಯಲ್ಲಿ ಮಾವ ಮೀಸೆ ತಿರುವಿದ: "ಇದೂ ಫೇಲಾತಂದ್ರ ಎಲ್ಲಾ ಗುಜರಿಗೆ ಹಾಕ್ತೇನಿ. ಮತ್ತ ಸ್ಪ್ಯಾನರ್ ಮುಟ್ಟಿದ್ರ ಕೇಳ್ರಿ!" ಊರೆಲ್ಲ ಕೇಳಿಸಿಕೊಂಡಿತು. ಸ್ಪ್ಯಾನರಿಲ್ಲದ ಮಾವನನ್ನು ನೆನೆದು ನನಗೆ ಒಳಗೊಳಗೇ ಹೆದರಿಕೆಯಾಯಿತು.

ಆ ದಿನ ಜೀಪು ಬಂತು. ಬರ್ರಿ, ಕೂಡ್ರಿ, ಚಹಾ, ಚುರುಮುರಿ ಎಲ್ಲ ಮುಗಿದವು. ಅಧಿಕಾರಿ ಹೊಗೆ ಅಳೆಯುವ ಯಂತ್ರ ಹಿಡಿದು ಅಡುಗೆಮನೆಯ ಬಾಗಿಲು ತಳ್ಳಿದ್ದೇ ತಡ, ಅದು ಚೀರತೊಡಗಿತು. ಒಳಗೆ ಕಣ್ಣು ಬಿಡಲಾಗದಷ್ಟು ಹೊಗೆ! "ಒಲಿ ಇನ್ನೂ ಹಚ್ಚೇ ಇಲ್ರೀ!" ಎಂದು ಮಾವ ಒದರಿದ.

"ಹಚ್ಚದ ಇಷ್ಟು ಹೊಗಿ ಬಂದ್ರ, ಹಚ್ಚಿದ್ರ ಏನ್ ಗತಿ ರೀ?" ಎಂದು ಅಧಿಕಾರಿ ಕೆಮ್ಮಿದರು.

ಹೊಗೆ ತಿಳಿಯಾದಂತೆ ಒಲೆ ಕಂಡಿತು. ಡ್ರಮ್ಮಿನ ಹೊಟ್ಟೆಯ ಮೇಲೆ ಮೂರು ಗೆರೆ ವಿಭೂತಿ, ತಲೆಯ ಮೇಲೊಂದು ಸೇವಂತಿಗೆ. ಮುಂದೆ ಧೂಪದ ಬಟ್ಟಲು ಬುಸುಗುಡುತ್ತಿತ್ತು.

"ಯಾರು ಇದನ್ನ ಮಾಡಿದ್ದು?" ಮಾವ ಗುಡುಗಿದ.

ಬಾಗಿಲ ಹಿಂದಿನಿಂದ ಅತ್ತೆ ಸಣ್ಣ ದನಿಯಲ್ಲಿ ಹೇಳಿದಳು: "ನಾನ ರೀ. ಹೊಸಾ ಯಂತ್ರ ಪೂಜಿ ಇಲ್ದ ಹಚ್ಚಬಾರದಲ್ರಿ? ನಿಮ್ಮ ಒಲಿ ಪಾಸಾಗಲಿ ಅಂತ ಬೇಡ್ಕೊಂಡು ಲೋಬಾನ ಹಾಕಿದೆ. ಸ್ವಲ್ಪ ಜಾಸ್ತೀನ ಹಾಕಿದೆ."

ಮಾವ ಹೆಗಲ ಮೇಲಿನ ಟವೆಲ್ ಎಳೆದುಕೊಂಡ. ಬಾಗಿಲು ಕಿಟಕಿ ತೆಗೆದು ಟವೆಲ್ ಬೀಸಿದರೂ ಯಂತ್ರದ ಚೀರಾಟ ನಿಲ್ಲಲಿಲ್ಲ. ಅಧಿಕಾರಿಗಳಿಗೆ ಸಂಜೆಯೊಳಗೆ ಸವಣೂರು, ಶಿಗ್ಗಾಂವಿ ಮುಗಿಸಬೇಕಿತ್ತು. "ಮುಂದಿನ ಸಲ ಮತ್ತ ಅರ್ಜಿ ಹಾಕ್ರಿ" ಎಂದು ಜೀಪು ಹತ್ತಿದರು.

ಅತ್ತೆ ಯಾರ ಮುಖವನ್ನೂ ನೋಡದೆ ಹಿಟ್ಟಿನ ಪರಾತ ತಂದು, ಮೊದಲ ಸಲ ಆ ಡಬ್ಬಿಯ ಮುಂದೆ ಕುಳಿತಳು. ದಿಂಡು ಹಾಕಿ ಹಚ್ಚಿದಳು. ಉರಿ ಎದ್ದಿತು. ಹೊಗೆ ಮಾತ್ರ ಎಳೆಯಷ್ಟೂ ಇಲ್ಲ.

"ಗುಜರಿಯವಗ ಫೋನ್ ಮಾಡ್ಲೇನು ಮಾವಾ?" ನಾನು ಮೆಲ್ಲಗೆ ಕೇಳಿದೆ.

ಮಾವ ಒಲೆಯ ವಿಭೂತಿ ನೋಡಿದ, ರೊಟ್ಟಿ ಬಡಿಯುವ ಅತ್ತೆಯನ್ನು ನೋಡಿದ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಲೇ, ಆಕಿ ಪೂಜಿ ಮಾಡಿದ್ದನ್ನ ಗುಜರಿಗೆ ಹಾಕ್ತಾರೇನಲೇ?"