ಬಾಯಿ ದೊಡ್ಡ ಕೋವಿ

ನಾನು ಪೇಟೆಗೆ ಎಂತ ಹುಡುಕಿಕೊಂಡು ಹೊರಟರೂ ನಗೆಪಾಟಲಾಗದೆ ಮನೆಗೆ ಬಂದದ್ದು ನೆನಪಿಲ್ಲ. ಹೋದ ವರ್ಷ ಹುಡುಕಿದ್ದು ಕೋವಿಯ ಗುಂಡು.

ನಮ್ಮವರು ತೀರಿಕೊಂಡ ಮೇಲೆ ಅವರ ಹಳೇ ಕೇಪಿನ ಕೋವಿ ಮತ್ತು ಅದರ ಬೆಳೆ ರಕ್ಷಣೆ ಲೈಸೆನ್ಸ್ ನನ್ನ ಹೆಸರಿಗಾಯಿತು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಗುಂಡಿಟ್ಟು, ಗಜದ ಕೋಲಿನಿಂದ ಜಡಿಯುವ ಜಾತಿಯದು. ನಿಟ್ಟೂರಿನ ಹತ್ತಿರ ಕಾಡಿನಂಚಿಗೆ ನಮ್ಮ ಗದ್ದೆ. ಭತ್ತ ಹಾಲು ಕಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಇಳಿಯುತ್ತದೆ. ಅವರಿದ್ದಾಗ ಅವರೇ ಓಡಿಸುತ್ತಿದ್ದರು. ಆ ಸಲ ನಾನು ಓಡಿಸದಿದ್ದರೆ ವರ್ಷದ ಅನ್ನ ಹೋದ ಹಾಗೆ. ಅವರ ಪೆಟ್ಟಿಗೆಯಲ್ಲಿ ಮದ್ದಿತ್ತು, ಗುಂಡು ಒಂದೂ ಇರಲಿಲ್ಲ. ಮುಗಿದಿರಬೇಕು ಅಂದುಕೊಂಡೆ. ಪರಿಚಯದವರೊಬ್ಬರಿಂದ ಒಂದು ಗುಂಡು ತಂದು ಹಾಕಿ ಕೋವಿ ಬಗ್ಗಿಸಿದರೆ, ಅದು ಗಡಗಡ ಉರುಳಿ ನನ್ನ ಕಾಲ ಬುಡಕ್ಕೇ ಬಿತ್ತು.

ಸಾಗರದಲ್ಲಿ

ಸಾಗರದ ಕೋವಿ ಅಂಗಡಿಯಲ್ಲಿ ನಾಲ್ಕು ಜನ ಗಂಡಸರು ನಿಂತಿದ್ದರು. ನನಗೆ ಸಂಕೋಚ. ಅಂಗಡಿಯವರ ಹತ್ತಿರ ಬಗ್ಗಿ ಮೆಲ್ಲಗೆ, "ನಮ್ಮದಕ್ಕೆ ಬಾಯಿ ಸ್ವಲ್ಪ ದೊಡ್ಡದು. ಎಂತ ಹಾಕಿದ್ರೂ ಸಾಲಲ್ಲ," ಅಂದೆ.

ಅವರೂ ಅಷ್ಟೇ ಮೆಲ್ಲಗೆ ಕೇಳಿದರು: "ಸೊಸೆಯಾ ಅಮ್ಮ?"

ಅಳತೆ

ಕೋವಿಯ ವಿಷಯ ಎಂದು ತಿಳಿದ ಮೇಲೆ, "ಹಾಗಾದ್ರೆ ಬಾಯಿ ಅಳತೆ ತನ್ನಿ," ಅಂದರು. ಮನೆಗೆ ಬಂದು ಗೋಲಿ ಹಾಕಿ ನೋಡಿದೆ, ಬೆಂಡೆಕಾಯಿ ತೂರಿಸಿ ನೋಡಿದೆ. ಕೊನೆಗೆ ಒಂದು ಒಣ ಅಡಿಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅಂಥದ್ದು ಇನ್ನೊಂದು ಇಡೀ ಮೂಟೆಯಲ್ಲಿ ಇರಲಿಲ್ಲ. ಅದನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಮತ್ತೆ ಸಾಗರಕ್ಕೆ ಹೋಗಿ ಅಂಗಡಿಯವರ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಮಾತಾಡುತ್ತಲೇ ಅಡಕತ್ತರಿ ತೆಗೆದರು, ಅಡಿಕೆಯನ್ನು ನಾಲ್ಕು ಹೋಳು ಮಾಡಿದರು, ಎಲೆಗೆ ಸುಣ್ಣ ಹಚ್ಚಿ ಎಲ್ಲವನ್ನೂ ಬಾಯಿಗೆ ಹಾಕಿಕೊಂಡರು. ಆಮೇಲೆ ಫೋನ್ ಇಟ್ಟು, "ಹೂಂ ಅಮ್ಮ, ಅಳತೆ ಎಲ್ಲಿ?" ಅಂದರು.

"ನೀವು ಜಗೀತಾ ಇರೋದೇ ಅಳತೆ," ಅಂದೆ.

ಅವರು ಒಂದು ಗಳಿಗೆ ಜಗಿಯುವುದನ್ನು ನಿಲ್ಲಿಸಿದರು. "ಒಳ್ಳೇ ಅಡಿಕೆ. ಇನ್ನೊಂದಿದ್ರೆ ಕೊಡಿ."

ಹೊಸನಗರದಲ್ಲಿ

ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಆಟೋದವನನ್ನು, "ಇಲ್ಲಿ ಗುಂಡು ಎಲ್ಲಿ ಸಿಗ್ತದಪ್ಪ?" ಅಂತ ಕೇಳಿದೆ. ಅವನು ನನ್ನ ಬಿಳಿ ಕೂದಲು ನೋಡಿ ಮರುಗಿದ.

"ಇಷ್ಟು ಬೇಗ ಬಾರ್ ತೆಗಿಯಲ್ಲ ಅಮ್ಮ. ಅಲ್ಲೀವರೆಗೆ ಒಂದು ಕಾಫಿ ಕುಡ್ದು ಸುಧಾರಿಸ್ಕಳಿ."

ತೀರ್ಥಹಳ್ಳಿಯ ಆಚಾರಿ

ತೀರ್ಥಹಳ್ಳಿಯಲ್ಲಿ ಕೋವಿ ರಿಪೇರಿ ಗೊತ್ತಿದ್ದ ವಯಸ್ಸಾದ ಆಚಾರಿಯೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಈ ಸಲ ಅಳತೆಯ ತಂಟೆಯೇ ಬೇಡವೆಂದು ಕೋವಿಯನ್ನೇ ಬೆಡ್‌ಶೀಟಿನಲ್ಲಿ ಸುತ್ತಿ, ಲೈಸೆನ್ಸ್ ಹಿಡಿದು, ಬಾಡಿಗೆ ಕಾರಿನಲ್ಲಿ ಹೋದೆ. ಆಚಾರಿ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು.

"ಇದನ್ನ ಕೊರೆದದ್ದು ನಾನೇ."

"ತಪ್ಪಿ ಹೆಚ್ಚು ಕೊರೆದ್ರಾ?"

"ತಪ್ಪಿ ಅಲ್ಲ. ನಿಮ್ಮ ಯಜಮಾನ್ರೇ ಹೇಳಿ ಮಾಡಿಸಿದ್ದು. ಅಣ್ಣ ಶಿಕಾರಿಗೆ ಕೋವಿ ಕೇಳ್ತಾನೆ, ಇಲ್ಲ ಅನ್ನಕ್ಕೆ ದಾಕ್ಷಿಣ್ಯ, ಯಾವ ಗುಂಡೂ ಕೂರದ ಹಾಗೆ ಮಾಡಿಕೊಡಿ ಅಂದ್ರು."

"ಮತ್ತೆ ಹಂದಿ ಹೇಗೆ ಓಡಿಸ್ತಿದ್ರು?"

"ಮದ್ದು ಹಾಕಿ ಮೇಲೆ ತೆಂಗಿನ ನಾರು ಜಡಿಯೋದು. ಹಂದಿಗೆ ಸದ್ದು ಸಾಕು. ನಿಮಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ವರ್ಷಗಟ್ಟಲೆ ಆ ಮನುಷ್ಯ ಗದ್ದೆಯಿಂದ ಬಂದು, "ಸ್ವಲ್ಪದ್ರಲ್ಲಿ ತಪ್ಪಿತು ನೋಡು," ಅನ್ನುವುದು, ನಾನು ಅವರ ಗುರಿಯನ್ನು ನೆಂಟರಿಷ್ಟರ ಎದುರು ಹಂಗಿಸುವುದು ನಡೆದೇ ಇತ್ತು. ಅವರು ಒಂದು ದಿನವೂ ಎದುರಾಡಲಿಲ್ಲ. ಕಾರಿನಲ್ಲಿ ಕೂತ ಮೇಲೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಷ್ಟು ಹಂಗಿಸಬಾರದಿತ್ತು.

ಭಾವ

ಮಾರನೇ ಸಂಜೆ ನಾರು ಜಡಿದು ಗದ್ದೆಯ ಅಂಚಿನಲ್ಲಿ ನಿಂತು ಒಂದು ಈಡು ಹೊಡೆದೆ. ನಾಲ್ಕು ಹಂದಿ ಬಿದ್ದಂಬೀಳ ಕಾಡಿಗೆ ಓಡಿದವು. ಭತ್ತ ಉಳಿಯಿತು.

ಬೆಳಿಗ್ಗೆ ಪಕ್ಕದ ಮನೆಯ ಭಾವ, ಅಂದರೆ ನಮ್ಮವರ ಅಣ್ಣ, ಹಳೇ ಬಿಸ್ಕತ್ತಿನ ಡಬ್ಬ ಹಿಡಿದು ಬಂದರು. ಜಗಲಿಯ ಮೇಲೆ ಅದನ್ನು ಸುರಿದರು. ಎಲ್ಲವೂ ಗುಂಡು, ಒಂದೊಂದೂ ಒಂದೊಂದು ಗಾತ್ರದ್ದು.

"ಎಷ್ಟು ವರ್ಷದಿಂದ ಹುಡುಕ್ತಾ ಇದೀನಿ ಮಾರಾಯ್ತಿ. ತಮ್ಮ, ಪಾಪ, ಕೇಳಿದಾಗೆಲ್ಲ ಕೋವಿ ಕೊಟ್ಟಿದಾನೆ. ಒಂದು ದಿನ ಇಲ್ಲ ಅಂದವನಲ್ಲ. ಒಂದು ಗುಂಡಾದ್ರೂ ಕೂರಬೇಕಲ್ಲ." ಆಮೇಲೆ ದನಿ ತಗ್ಗಿಸಿದರು. "ನಿನ್ನೆ ಈಡಿನ ಸದ್ದು ಕೇಳ್ತು. ನಿಂಗೆ ಗುಂಡು ಎಲ್ಲಿ ಸಿಕ್ತು?"

ಭಾವನ ಎದುರು ನಾನು ಅವತ್ತಿನವರೆಗೆ ಸುಳ್ಳು ಹೇಳಿದವಳಲ್ಲ. ಆದರೆ ತಮ್ಮನ ಮೇಲೆ ಅವರಿಗಿದ್ದ ಆ ಅಭಿಮಾನವನ್ನು ನನ್ನ ಕೈಯಾರೆ ಕೆಡಿಸಲು ಮನಸ್ಸಾಗಲಿಲ್ಲ.

"ಒಂದೇ ಒಂದು ಸಿಕ್ಕಿತ್ತು ಭಾವ. ನಿನ್ನೆ ಹೊಡೆದದ್ದು ಅದೇ. ಗದ್ದೆ ಆಚೆ ಎಲ್ಲೋ ಬಿದ್ದಿರ್ಬೇಕು."

ಭಾವ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಗದ್ದೆಯ ಆಚೆ ಪಂಚೆ ಎತ್ತಿ ಕಟ್ಟಿ ಕೋಲಿನಿಂದ ಹುಲ್ಲು ಸರಿಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ನೀನು ಉಂಡು ಮಲಗು. ಇಲ್ಲೇ ಎಲ್ಲೋ ಇದೆ."